ನಕ್ಷತ್ರ ನಕ್ಷೆಯಲ್ಲಿ ಕಾಣದ ಹೆಸರು: ಚಿಂತಾಮಣಿ ರಘುನಾಥಾಚಾರಿ

ನಕ್ಷೆಯೊಂದು ಯಾವ ಹೆಸರನ್ನು ತೋರಿಸುತ್ತೆ, ಯಾವುದನ್ನು ಬಿಡುತ್ತೆ ಅನ್ನೋದು ರಾಜಕೀಯ. ರಸ್ತೆ, ಮೆಟ್ರೋ ನಿಲ್ದಾಣದ ಹೆಸರಿಗೆ ಜಗಳ ಆಡುವ ನಮಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ಆದ್ರೆ ಆಕಾಶದ ನಕ್ಷೆ ಅಂದಾಗ ಮಾತ್ರ ಡೀಫಾಲ್ಟ್ ಸೆಟ್ಟಿಂಗ್ ಏನಿದೆಯೋ ಅದನ್ನೇ ಒಪ್ಪಿಕೊಂಡು ಸುಮ್ಮನಾಗ್ತೀವಿ.

ನನ್ನ ಲ್ಯಾಪ್‌ಟಾಪ್‌ನಲ್ಲಿ ಸ್ಟೆಲೇರಿಯಂ ಇದೆ. ಉಚಿತ, ಮುಕ್ತ ತಂತ್ರಾಂಶ. ಊರು ಯಲಹಂಕ ಅಂತ ಕೊಟ್ಟು, ಜನವರಿ ಮಧ್ಯದ ರಾತ್ರಿ ಒಂಬತ್ತೂವರೆಗೆ ದಕ್ಷಿಣಕ್ಕೆ ತಿರುಗಿದರೆ ಅಗಸ್ತ್ಯ ನಕ್ಷತ್ರದ ಬಲಕ್ಕೆ, ಇನ್ನೂ ಕೆಳಗೆ, ರೆಟಿಕ್ಯುಲಂ ಅನ್ನೋ ಪುಟ್ಟ ನಕ್ಷತ್ರಪುಂಜ. ಅದರಲ್ಲಿ 'ಆರ್ ರೆಟಿಕ್ಯುಲಿ' ಇದೆ. ಸುಮಾರು 278 ದಿನಗಳಿಗೊಮ್ಮೆ ಬೆಳಗಿ ಮತ್ತೆ ಮಂಕಾಗುವ ನಕ್ಷತ್ರ. ಯಲಹಂಕದಲ್ಲಿ ಅದು ದಿಗಂತದಿಂದ 14 ಡಿಗ್ರಿಯಷ್ಟೇ ಮೇಲೇರುತ್ತೆ. ಬರಿಗಣ್ಣಿಗೆ ಸಿಗಲ್ಲ; ಜೊತೆಗೆ ಆ ದಿಕ್ಕಿನಲ್ಲಿ ಹೆಬ್ಬಾಳದಿಂದಾಚೆ ಇಡೀ ಬೆಂಗಳೂರಿನ ಬೆಳಕು. ಹಾಗಾಗಿ ನನ್ನ ಪಾಲಿಗೆ ಅದು ಪರದೆ ಮೇಲಿನ ಚುಕ್ಕಿ ಮಾತ್ರ.

ಅದರ ಕಾಂತಿ ಬದಲಾಗುತ್ತೆ ಅಂತ 1867ರಲ್ಲಿ ಕಂಡುಹಿಡಿದವರು ಮದ್ರಾಸ್ ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿ.

ಹೆಸರಲ್ಲಿ ಅವರ ಸುಳಿವೇ ಇಲ್ಲ. ಒಂದು ಪುಂಜದಲ್ಲಿ ಮೊದಲು ಸಿಕ್ಕ ಇಂಥ ನಕ್ಷತ್ರಕ್ಕೆ 'ಆರ್' ಅಕ್ಷರ ಕೊಡೋದು ಜರ್ಮನಿಯ ಆರ್ಗೆಲಾಂಡರ್ ತಂದ ಪದ್ಧತಿ. ರೆಟಿಕ್ಯುಲಂ ಅಂದ್ರೆ ದೂರದರ್ಶಕದ ಕಣ್ಣಿನ ಬಳಿ ಇರುವ ಗೆರೆಗಳ ಜಾಲ. 1750ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ನಿಂದ ಆಕಾಶ ಅಳೆದ ಫ್ರೆಂಚ್ ಖಗೋಳಜ್ಞ ಲಕಾಯ್ ಇಟ್ಟ ಹೆಸರು. ಉಪಕರಣಕ್ಕೆ ಆಕಾಶದಲ್ಲಿ ಜಾಗ ಸಿಕ್ಕಿತು, ಕಂಡವನಿಗೆ ಇಲ್ಲ. ಇದು ಆಚಾರಿಯವರೊಬ್ಬರ ವಿರುದ್ಧದ ಪಿತೂರಿ ಏನಲ್ಲ, ನಿಯಮ ಎಲ್ಲರಿಗೂ ಒಂದೇ. ಆದ್ರೆ ನಿಯಮ ಬರೆದವರು ಯಾರು ಅನ್ನೋ ಪ್ರಶ್ನೆ ಉಳಿಯುತ್ತೆ.

ಆಚಾರಿ ಪಂಚಾಂಗ ಬರೆಯುವ ಬ್ರಾಹ್ಮಣ ಮನೆತನದವರು. ಅಂದಿನ ಕಾಲಕ್ಕೆ ವೀಕ್ಷಣಾಲಯದ ಬಾಗಿಲು ತೆರೆಯೋಕೆ ಆ ಹಿನ್ನೆಲೆಯೂ ಒಂದು ಕೀಲಿ, ಅದನ್ನು ಮುಚ್ಚಿಡಬೇಕಿಲ್ಲ. ಒಳಗೆ ಹೋದ ಮೇಲೆ ದುಡಿದು ಮೇಲೆ ಬಂದರು. 1861ರಲ್ಲಿ ನಾರ್ಮನ್ ಪಾಗ್ಸನ್ ಮುಖ್ಯಸ್ಥರಾಗಿ ಬಂದ ಮೇಲೆ ಅವರ ಮೊದಲ ಸಹಾಯಕರಾದರು. ರಾತ್ರಿಯಿಡೀ ನಕ್ಷತ್ರಗಳ ಸ್ಥಾನ ಅಳೆಯೋದು, ಹಗಲು ಲೆಕ್ಕ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣಕ್ಕೆ ಪಾಗ್ಸನ್ ಮಚಲೀಪಟ್ಟಣಕ್ಕೆ ಹೋದರೆ, ಇಂದಿನ ತೆಲಂಗಾಣದ ವನಪರ್ತಿಯ ತಂಡವನ್ನು ನಡೆಸಿದವರು ಆಚಾರಿ. 1872ರಲ್ಲಿ ಲಂಡನ್ನಿನ ರಾಯಲ್ ಆಸ್ಟ್ರೊನಾಮಿಕಲ್ ಸೊಸೈಟಿಯ ಫೆಲೋ ಆದರು.

ನನಗೆ ಮುಖ್ಯ ಅನ್ಸೋದು ಇದಾದ ಮೇಲಿನ ಕೆಲಸ. 1874ರ ಡಿಸೆಂಬರ್ 9ರಂದು ಶುಕ್ರ ಗ್ರಹ ಸೂರ್ಯನ ಮುಂದೆ ಹಾದುಹೋಗುವುದಿತ್ತು. ಸಾಮಾನ್ಯ ಜನರಿಗೆ ಅರ್ಥವಾಗಲಿ ಅಂತ ಆಚಾರಿ ಮಾತುಕತೆಯ ರೂಪದಲ್ಲಿ ಪುಸ್ತಿಕೆ ಬರೆದರು. ಅದು ಇಂಗ್ಲಿಷ್ ಜೊತೆ ದೇಶಭಾಷೆಗಳಲ್ಲೂ ಬಂತು, ಅವುಗಳಲ್ಲಿ ಕನ್ನಡವೂ ಒಂದು. ಪಂಚಾಂಗದ ಲೆಕ್ಕ ಆಕಾಶಕ್ಕೆ ತಾಳೆಯಾಗದಿದ್ದರೆ ತಿದ್ದಬೇಕಾದ್ದು ಪಂಚಾಂಗವನ್ನು ಅಂತ ವಾದಿಸಿ, ದೃಗ್ಗಣಿತ ಪಂಚಾಂಗ ತಂದರು. ಭಾರತೀಯರು ಕಲಿಯೋಕೆ ತಮ್ಮದೇ ವೀಕ್ಷಣಾಲಯ ಬೇಕು ಅಂತ ಮದ್ರಾಸಿನಲ್ಲಿ ಭಾಷಣ ಮಾಡಿದರು. ಅಂದ್ರೆ ಒಂದು ಕಡೆ ಸಾಮ್ರಾಜ್ಯದ ಸಂಸ್ಥೆ, ಇನ್ನೊಂದು ಕಡೆ ಸಂಪ್ರದಾಯ. ಎರಡರ ಎದುರೂ ಕಣ್ಣಾರೆ ಕಂಡದ್ದನ್ನೇ ಸಾಕ್ಷಿಯಾಗಿ ಇಟ್ಟರು. 1880ರಲ್ಲಿ ತೀರಿಕೊಂಡರು.

'ಎಲ್ಲವೂ ನಮ್ಮ ಪುರಾಣದಲ್ಲೇ ಇತ್ತು' ಅನ್ನುವವರಿಗೆ ಈ ಬದುಕು ಒಗ್ಗಲ್ಲ. ವಿಜ್ಞಾನ ಪಶ್ಚಿಮದ ಆಸ್ತಿ ಅನ್ನುವವರಿಗೂ ಒಗ್ಗಲ್ಲ. ಹಾಗಾಗಿಯೇ ನಮಗೆ ಬೇಕು.

ಸ್ಟೆಲೇರಿಯಂನಲ್ಲಿ ಎಫ್4 ಒತ್ತಿದರೆ ಎಷ್ಟು ನಕ್ಷತ್ರಗಳ ಹೆಸರು ಕಾಣಬೇಕು ಅಂತ ಹೆಚ್ಚು-ಕಡಿಮೆ ಮಾಡಬಹುದು. ಭಾರತೀಯ ನಕ್ಷತ್ರಪುಂಜಗಳನ್ನೂ ಆರಿಸಬಹುದು. ಎಫ್2ರಲ್ಲಿ ಭಾಷೆ ಬದಲಿಸಬಹುದು. ಎಫ್12ರ ಸ್ಕ್ರಿಪ್ಟ್ ಕನ್ಸೋಲ್‌ನಲ್ಲಿ ಒಂದು ಸಾಲಿನ ಆದೇಶ ಕೊಟ್ಟರೆ ಯಾವ ಚುಕ್ಕಿಯ ಪಕ್ಕಕ್ಕಾದರೂ ನಮ್ಮದೇ ಪಟ್ಟಿ ಅಂಟಿಸಬಹುದು. ಆರ್ ರೆಟಿಕ್ಯುಲಿ ಪಕ್ಕ ನಾನು ರಘುನಾಥಾಚಾರಿ ಅಂತ ಹಾಕಿದ್ದೇನೆ.

ಅದು ನನ್ನ ಪರದೆಯಲ್ಲಷ್ಟೇ ಕಾಣುತ್ತೆ, ಸರಿ. ಆದ್ರೆ ಈ ತಂತ್ರಾಂಶದ ಅನುವಾದ ಮಾಡೋದು ಸಂಬಳವಿಲ್ಲದ ಸ್ವಯಂಸೇವಕರು. ಯಾರು ಬೇಕಾದ್ರೂ ಸೇರಬಹುದು. ಕನ್ನಡದಲ್ಲಿ ಆಕಾಶ ಓದುವ ಕೆಲಸ 1874ರಲ್ಲೇ ಶುರುವಾಗಿತ್ತು. ಮುಂದುವರಿಸೋಕೆ ಯಾರ ಅನುಮತಿಯೂ ಬೇಕಿಲ್ಲ.