ನೆಗೆಟಿವ್ ಸಿಕ್ಕ ಮೇಲೆ ಶುರುವಾಗುವ ಕೆಲಸ

1854ರ ಡಿಸೆಂಬರ್. ಬೆಂಗಳೂರಿನಲ್ಲಿದ್ದ ಒಬ್ಬ ಸೇನಾಧಿಕಾರಿ ಕ್ಯಾಮೆರಾದೊಂದಿಗೆ ಹಳೇಬೀಡು, ಬೇಲೂರಿಗೆ ಹೊರಟರು. ಹೆಸರು ಲಿನ್ನಿಯಸ್ ಟ್ರೈಪ್, ವಯಸ್ಸು 32. ಹೊಯ್ಸಳರ ಗುಡಿಗಳ ಅತಿ ಹಳೆಯ ಫೋಟೊಗಳಲ್ಲಿ ಅವರು ತೆಗೆದವೂ ಸೇರಿವೆ.

ಟ್ರೈಪ್ ಹುಟ್ಟಿದ್ದು 1822ರಲ್ಲಿ, ಇಂಗ್ಲೆಂಡಿನ ಡೆವನ್‌ಪೋರ್ಟ್‌ನಲ್ಲಿ. 17ನೇ ವಯಸ್ಸಿಗೇ ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಸೇನೆ ಸೇರಿದರು. ರಜೆಯ ಮೇಲೆ ಊರಿಗೆ ಹೋಗಿದ್ದಾಗ ಫೋಟೊಗ್ರಫಿ ಕಲಿತರು. ಆಗ ಅದು ಹದಿನೈದು ವರ್ಷವೂ ತುಂಬದ ಹೊಸ ವಿದ್ಯೆ. 1854ರಲ್ಲಿ ಬೆಂಗಳೂರಿಗೆ ಮರಳಿದಾಗ ಅವರ ಮುಂದೆ ಎರಡು ದಾರಿಗಳಿದ್ದವು.

ಒಂದು, ಗಾಜಿನ ಪ್ಲೇಟ್. ಚಿತ್ರ ಬಹಳ ಸ್ಪಷ್ಟ. ಆದರೆ ರಾಸಾಯನಿಕ ಹಚ್ಚಿದ ಗಾಜು ಒಣಗುವ ಮೊದಲೇ, ಕೆಲವೇ ನಿಮಿಷಗಳಲ್ಲಿ, ಫೋಟೊ ತೆಗೆದು ತೊಳೆದು ಮುಗಿಸಬೇಕು. ನಮ್ಮ ಬಿಸಿಲಿಗೆ ಅದು ಇನ್ನೂ ಬೇಗ ಒಣಗುತ್ತದೆ. ಇನ್ನೊಂದು, ಮೇಣ ಕುಡಿಸಿದ ಕಾಗದ. ಗಾಜಿನಷ್ಟು ಚೊಕ್ಕ ಅಲ್ಲ, ಬೆಳಕಿಗೂ ಹೆಚ್ಚು ಹೊತ್ತು ಒಡ್ಡಬೇಕು. ಆದರೆ ಮೊದಲೇ ತಯಾರಿಸಿ ಒಯ್ಯಬಹುದು, ಆಮೇಲೆ ನಿಧಾನವಾಗಿ ತೊಳೆಯಬಹುದು, ಒಡೆಯುವ ಭಯವಿಲ್ಲ. ದೂರ ತಿರುಗಬೇಕಾಗಿದ್ದ ಟ್ರೈಪ್ ಕಾಗದವನ್ನು ಆರಿಸಿಕೊಂಡರು. 1855ರ ಮದ್ರಾಸ್ ವಸ್ತುಪ್ರದರ್ಶನದಲ್ಲಿ ಅವರ 68 ಫೋಟೊಗಳಿದ್ದವು, ತೀರ್ಪುಗಾರರು ಮೆಚ್ಚಿದರು.

ಅದೇ ವರ್ಷ ಬರ್ಮಾದ ರಾಜನ ಬಳಿಗೆ ಹೋದ ನಿಯೋಗದ ಜೊತೆ ಅವರನ್ನು ಫೋಟೊ ತೆಗೆಯಲು ಕಳಿಸಿದರು. ಮೋಡ, ಮಳೆ, ಅನಾರೋಗ್ಯದ ನಡುವೆಯೂ 200ಕ್ಕೂ ಹೆಚ್ಚು ದೊಡ್ಡ ನೆಗೆಟಿವ್‌ಗಳೊಂದಿಗೆ ಮರಳಿದರು. ನಿಜವಾದ ದುಡಿಮೆ ಶುರುವಾಗಿದ್ದು ಆಮೇಲೆ, ಬೆಂಗಳೂರಿನಲ್ಲಿ. ಅದರಲ್ಲಿ 120 ಚಿತ್ರಗಳನ್ನು ಆರಿಸಿದರು, ಪ್ರತಿಯೊಂದಕ್ಕೂ 50 ಪ್ರತಿ. ಒಟ್ಟು 6,000 ಪ್ರಿಂಟ್, ಎಲ್ಲವೂ ಬಿಸಿಲಿನಲ್ಲಿ, ಕೈಯಲ್ಲಿ. ಮುಗಿಯಲು ವರ್ಷಕ್ಕಿಂತ ಹೆಚ್ಚು ಹಿಡಿಯಿತು.

ಇನ್ನೊಂದು ತೊಡಕೂ ಇತ್ತು. ಆ ಕಾಗದಕ್ಕೆ ನೀಲಿ ಬೆಳಕು ಬೇಗ ತಾಗುತ್ತಿತ್ತು, ಹಸಿರು ತಾಗುತ್ತಿರಲಿಲ್ಲ. ಆಕಾಶ ಬರೀ ಬಿಳಿ ಹಾಳೆಯಾಗುತ್ತಿತ್ತು, ಮರಗಳು ಕಪ್ಪು ಮುದ್ದೆಯಾಗುತ್ತಿದ್ದವು. ಟ್ರೈಪ್ ನೆಗೆಟಿವ್ ಮೇಲೆ ಕುಂಚದಿಂದ ತೆಳುವಾಗಿ ಬಣ್ಣ ಹಚ್ಚಿ ಮೋಡ ಮೂಡಿಸಿದರು, ಎಲೆಗಳಿಗೆ ಬೆಳಕು ತಂದರು. ಇಂದು ನಾವು ಹೈಲೈಟ್, ಶ್ಯಾಡೊ ಎಂದು ಸ್ಲೈಡರ್ ಎಳೆಯುವ ಕೆಲಸ ಇದೇ.

1856ರಲ್ಲಿ ಅವರು ಮದ್ರಾಸ್ ಪ್ರಾಂತ್ಯದ ಸರ್ಕಾರಿ ಫೋಟೊಗ್ರಾಫರ್ ಆದರು. ಶ್ರೀರಂಗ, ಮಧುರೆ, ತಂಜಾವೂರು ಸುತ್ತಿದರು. ಹೊತ್ತಿಗೆ ತಕ್ಕಂತೆ ಗಾಜನ್ನೂ ಬಳಸಿದರು. ತಂಜಾವೂರಿನ ಬೃಹದೀಶ್ವರ ಗುಡಿಯ ಶಾಸನಗಳನ್ನು 21 ಪ್ರಿಂಟ್‌ಗಳಲ್ಲಿ ಜೋಡಿಸಿ ಸುಮಾರು 19 ಅಡಿ ಉದ್ದದ ಒಂದೇ ಚಿತ್ರ ಮಾಡಿದರು. ಕೆಲಸ ಕಳೆಗಟ್ಟಿದ್ದಾಗಲೇ, 1859ರಲ್ಲಿ, ಹೊಸ ಗವರ್ನರ್ ಟ್ರೆವೆಲಿಯನ್ ಇದು ದುಬಾರಿ ಬಾಬತ್ತೆಂದು ನಿಲ್ಲಿಸಿಬಿಟ್ಟರು. ಆಮೇಲೆ ಟ್ರೈಪ್ ಕ್ಯಾಮೆರಾ ಹಿಡಿದದ್ದು ಅಪರೂಪ. ಸೈನ್ಯದಿಂದ ನಿವೃತ್ತರಾಗಿ ಹುಟ್ಟೂರಿಗೆ ಮರಳಿ, 1902ರಲ್ಲಿ ತೀರಿಕೊಂಡರು. ಉಳಿದ ನೆಗೆಟಿವ್‌ಗಳಲ್ಲಿ ಅವರ ಕುಂಚದ ಗುರುತು ಇಂದಿಗೂ ಕಾಣುತ್ತದೆ.

ಗೆಳೆಯರೇ, ನಮ್ಮ ಸಂತೆಬಾಚಹಳ್ಳಿ ಕಡೆ ಮದುವೆ, ಜಾತ್ರೆಯ ಫೋಟೊ ತೆಗೆದು ಕಾಲೇಜು ಖರ್ಚು ತೂಗಿಸುವ ಹುಡುಗರಿದ್ದಾರೆ. ಹೊಸ ಕ್ಯಾಮೆರಾ ಬಂದ ದಿನದಿಂದ ಅವರದೂ ನನ್ನದೂ ಒಂದೇ ಪ್ರಶ್ನೆ: ರಾ ಫೈಲ್ ಎಡಿಟ್ ಮಾಡಲು ಯಾವ ಸಾಫ್ಟ್‌ವೇರ್? ರಾ ಫೈಲ್ ಎಂದರೆ ಟ್ರೈಪ್ ಅವರ ನೆಗೆಟಿವ್ ಇದ್ದಂತೆ. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 8 ಬಿಟ್ ಮಾಹಿತಿ ಇದ್ದರೆ ರಾದಲ್ಲಿ ಸಾಮಾನ್ಯವಾಗಿ 12 ಅಥವಾ 14. ಅದಕ್ಕೇ ಕತ್ತಲಲ್ಲಿ ಮುಳುಗಿದ ಮುಖವನ್ನೂ ಮೇಲೆತ್ತಬಹುದು.

ಟ್ರೈಪ್ ಬದುಕು ಕಲಿಸುವುದು ಇಷ್ಟು: ಯಾವುದು ಶ್ರೇಷ್ಠ ಎಂದು ಕೇಳುವ ಮೊದಲು ನಮ್ಮ ಬಿಸಿಲು, ನಮ್ಮ ಹಾದಿ, ನಮ್ಮ ಜೇಬು ಎಂಥದು ಎಂದು ನೋಡಬೇಕು. ಲೈಟ್‌ರೂಂ ಸಲೀಸು, ಆದರೆ ತಿಂಗಳು ತಿಂಗಳು ಚಂದಾ ಕಟ್ಟಬೇಕು. ಡಾರ್ಕ್‌ಟೇಬಲ್, ರಾಥೆರಪಿ ಉಚಿತ, ಆದರೆ ಕಲಿಯಲು ತಾಳ್ಮೆ ಬೇಕು. ಕ್ಯಾಮೆರಾ ಕಂಪನಿಗಳೂ ತಮ್ಮದೇ ಸಾಫ್ಟ್‌ವೇರ್ ಕೊಡುತ್ತವೆ. ಹೊಸ ಮಾಡೆಲ್‌ನ ರಾ ಫೈಲ್ ಹಳೆಯ ಆವೃತ್ತಿಯಲ್ಲಿ ತೆರೆಯದೇ ಇರಬಹುದು, ಅದನ್ನು ಮೊದಲೇ ನೋಡಿಕೊಳ್ಳಬೇಕು.

ನಾನು ಡಾರ್ಕ್‌ಟೇಬಲ್ ಆರಿಸಿಕೊಂಡಿದ್ದೇನೆ. ಕೆಲಸ ಸಿಗುವವರೆಗೆ ತಿಂಗಳ ಚಂದಾ ನನ್ನಿಂದಾಗದು. ಅದು ಮೂಲ ಫೈಲ್ ಮುಟ್ಟದೆ ತಿದ್ದುಪಡಿಯನ್ನು ಬೇರೆ ಚಿಕ್ಕ ಫೈಲ್‌ನಲ್ಲಿ ಬರೆದಿಡುತ್ತದೆ. ಮೂಲವನ್ನು ಎರಡು ಕಡೆ ಉಳಿಸುವುದು, ಮೊದಲು ಆರಿಸುವುದು, ಆಮೇಲೆ ತಿದ್ದುವುದು, ಕೊನೆಗೆ ಜೆಪೆಗ್ ಮಾಡುವುದು. ಈ ಕ್ರಮವನ್ನು ಹೊಸಹೊಳಲಿನ ಲಕ್ಷ್ಮೀನಾರಾಯಣ ಗುಡಿಯ ಗೋಡೆಗಳ ಮೇಲೆ ಪ್ರಯೋಗಿಸುತ್ತಿದ್ದೇನೆ. ನೀವು ಬೇರೆಯದನ್ನೇ ಆರಿಸಬಹುದು. ಆದರೆ ಒಂದನ್ನು ಆರಿಸಿ, ಅದರಲ್ಲಿ ಕೈ ಪಳಗುವವರೆಗೆ ಬಿಡಬೇಡಿ.