ನಾದಿರುಲ್ ಅಸ್ರ್ ಉಸ್ತಾದ್ ಮನ್ಸೂರ್

ನಮ್ಮ ಮನೆಮಾತು ಉರ್ದು. ಉರ್ದುವಿನಲ್ಲಿ ನಾದಿರ್ ಎಂದರೆ ಅಪರೂಪದ್ದು, ಅಸ್ರ್ ಎಂದರೆ ಕಾಲ. ಮೊಘಲ್ ಬಾದಶಹ ಜಹಾಂಗೀರ್ ತನ್ನ ಆಸ್ಥಾನದ ಚಿತ್ರಕಾರ ಉಸ್ತಾದ್ ಮನ್ಸೂರರಿಗೆ ಕೊಟ್ಟ ಬಿರುದು ನಾದಿರುಲ್ ಅಸ್ರ್. ಅಂದರೆ ತಮ್ಮ ಕಾಲದಲ್ಲೇ ಅಪರೂಪದವರು. ದರ್ಬಾರಿನ ಮತ್ತು ಯುದ್ಧದ ಚಿತ್ರ ಬರೆಯುವವರು ಆಗ ಬಹಳ ಮಂದಿ ಇದ್ದರು. ಮನ್ಸೂರರಿಗೆ ಹೆಸರು ಬಂದದ್ದು ಹಕ್ಕಿ, ಪ್ರಾಣಿ, ಹೂವುಗಳ ಚಿತ್ರಗಳಿಂದ.

ಅವರು ಮೊದಲು ಅಕ್ಬರನ ಚಿತ್ರಶಾಲೆಯಲ್ಲಿದ್ದರು. ಬಾಬರ್‌ನಾಮಾ ಹಸ್ತಪ್ರತಿಗೆ ಚಿತ್ರ ಬರೆದವರಲ್ಲಿ ಅವರೂ ಒಬ್ಬರು. ಮುಂದೆ ಜಹಾಂಗೀರನ ಕಾಲದಲ್ಲಿ ಅವರ ನಿಜವಾದ ಕೆಲಸ ಆರಂಭವಾಯಿತು. ಬಾಬರ್ ಪ್ರಾಣಿಗಳನ್ನು ಮಾತಿನಲ್ಲಿ ವರ್ಣಿಸಿದ್ದ, ಆದರೆ ಅವುಗಳ ಚಿತ್ರ ಬರೆಸಿರಲಿಲ್ಲ. ಕೇಳುವುದಕ್ಕಿಂತ ಕಣ್ಣಿಂದ ನೋಡಿದರೆ ಹೆಚ್ಚು ಬೆರಗಾಗುತ್ತದೆ ಎಂಬುದು ಜಹಾಂಗೀರನ ಅಭಿಪ್ರಾಯ. 1612ರಲ್ಲಿ ಗೋವಾದಿಂದ ಟರ್ಕಿ ಕೋಳಿ ಬಂತು. ಬಾದಶಹನೇ ಅದುವರೆಗೆ ಅಂಥ ಹಕ್ಕಿಯನ್ನು ನೋಡಿರಲಿಲ್ಲ. 1621ರಲ್ಲಿ ಜೀಬ್ರಾ ಬಂದಾಗ, ಯಾರೋ ಬಣ್ಣ ಬಳಿದು ಪಟ್ಟೆ ಎಳೆದಿರಬೇಕೆಂಬ ಅನುಮಾನ ಬಂದು, ಪರೀಕ್ಷಿಸಿ ನೋಡಿದರಂತೆ. ಎರಡನ್ನೂ ಮನ್ಸೂರ್ ಚಿತ್ರಿಸಿದರು.

ಈ ಕೆಲಸಕ್ಕೆ ಬಹಳ ತಾಳ್ಮೆ ಬೇಕು. ತೆಳುವಾದ ಕಾಗದಗಳನ್ನು ಒಂದರ ಮೇಲೊಂದು ಅಂಟಿಸಿ, ನಯವಾದ ಕಲ್ಲಿನಿಂದ ಉಜ್ಜಿ ಹದ ಮಾಡುತ್ತಿದ್ದರು. ಕುಂಚಕ್ಕೆ ಅಳಿಲಿನ ಬಾಲದ ಕೂದಲು. ಕಲ್ಲು, ಮಣ್ಣು, ಗಿಡಗಳಿಂದ ತೆಗೆದ ಬಣ್ಣಕ್ಕೆ ಗೋಂದು ಬೆರೆಸಿ, ಪದರ ಪದರವಾಗಿ ಹಚ್ಚುತ್ತಿದ್ದರು. ಮನ್ಸೂರರ ಗೋಸುಂಬೆಯ ಚಿತ್ರದಲ್ಲಿ ಅದರ ಒರಟು ಚರ್ಮದ ಚುಕ್ಕೆಗಳೂ ಕಾಣುತ್ತವೆ. ಅದು ಕೊಂಬೆ ಹಿಡಿದು, ಹಾರುವ ಚಿಟ್ಟೆಯ ಮೇಲೆ ಕಣ್ಣಿಟ್ಟಿದೆ. ಪ್ರಾಣಿಯನ್ನು ಬಹಳ ಹೊತ್ತು ನೋಡದವರು ಹೀಗೆ ಬರೆಯಲಾರರು.

1620ರಲ್ಲಿ ಬಾದಶಹನ ಜೊತೆ ಕಾಶ್ಮೀರಕ್ಕೆ ಹೋದಾಗ ಅವರು ನೂರಕ್ಕೂ ಹೆಚ್ಚು ಹೂವುಗಳನ್ನು ಚಿತ್ರಿಸಿದರೆಂದು ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಅವುಗಳಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು. ಕೆಂಪು ಟ್ಯೂಲಿಪ್‌ನ ಚಿತ್ರ ಅಲೀಗಢದಲ್ಲಿದೆ.

ನಾನು ಕಾಮರ್ಸ್ ವಿದ್ಯಾರ್ಥಿ. ಲೆಕ್ಕದ ಪುಸ್ತಕದಲ್ಲಿ ಬರೆದಿಡದ್ದು ವರ್ಷದ ಕೊನೆಯಲ್ಲಿ ಸಿಗುವುದಿಲ್ಲ ಎಂದು ನಮಗೆ ಕಲಿಸುತ್ತಾರೆ. ಮನ್ಸೂರರ ಚಿತ್ರಗಳೂ ಒಂದು ರೀತಿಯ ಲೆಕ್ಕದ ಪುಸ್ತಕವೇ. ಅವರು ಬಿಳಿ ಸೈಬೀರಿಯನ್ ಕೊಕ್ಕರೆಯನ್ನು ಚಿತ್ರಿಸಿದ್ದರು. ಚಳಿಗಾಲಕ್ಕೆ ಭರತಪುರಕ್ಕೆ ಬರುತ್ತಿದ್ದ ಆ ಕೊಕ್ಕರೆಗಳು 2002ರ ನಂತರ ಬಂದಿಲ್ಲ. ಮಾರಿಷಸ್‌ನ ಡೋಡೊ ಹಕ್ಕಿಯಂತೂ ಭೂಮಿಯ ಮೇಲೆಯೇ ಇಲ್ಲ. ಅದರ ಬಣ್ಣ, ಆಕಾರ ತಿಳಿಯಲು ವಿಜ್ಞಾನಿಗಳು ನೋಡುವ ಮುಖ್ಯ ಚಿತ್ರಗಳಲ್ಲಿ ಒಂದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದೆ. ಅದು ಮನ್ಸೂರರದ್ದೆಂದೇ ಹೇಳುತ್ತಾರೆ. ಚಿತ್ರ ಬರೆದಾಗ ಆ ಹಕ್ಕಿ ಮುಂದೆ ಇರುವುದಿಲ್ಲವೆಂದು ಅವರಿಗೆ ಗೊತ್ತಿರಲಿಲ್ಲ. ಎದುರಿಗಿದ್ದುದನ್ನು ಇದ್ದ ಹಾಗೆ ಬರೆದಿಟ್ಟರು, ಅಷ್ಟೇ.

ಸ್ನೇಹಿತರೇ, ನಮ್ಮ ಮೊಬೈಲ್‌ಗಳಲ್ಲಿ ಸಾವಿರಾರು ಫೋಟೊಗಳಿವೆ. ಹೆಚ್ಚಿನವು ನಮ್ಮದೇ ಮುಖಗಳು. ಕಾಲೇಜಿನ ಮರದ ಮೇಲೆ ದಿನವೂ ಕೂರುವ ಹಕ್ಕಿಯ ಕಾಲು ಯಾವ ಬಣ್ಣ ಎಂದು ಕೇಳಿದರೆ ನಮ್ಮಲ್ಲಿ ಎಷ್ಟು ಜನ ಹೇಳಬಲ್ಲರು? ನಾಳೆ ವಿರಾಮದ ವೇಳೆ ಐದು ನಿಮಿಷ ಅದನ್ನು ನೋಡಿ, ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆಯಿರಿ. ಚಿತ್ರ ಚೆನ್ನಾಗಿ ಬರದಿದ್ದರೂ ಪರವಾಗಿಲ್ಲ.