ಪೋಲಿಯೊ ಲಸಿಕೆಯಲ್ಲಿ ಭ್ರೂಣದ ಅಂಗಾಂಶ ಇದೆಯೇ? ಜಾನ್ ಎಂಡರ್ಸ್ ಬದುಕಿನಲ್ಲಿದೆ ಉತ್ತರ

ಪೋಲಿಯೊ ಲಸಿಕೆಯಲ್ಲಿ ಭ್ರೂಣದ ಅಂಗಾಂಶ ಇದೆ ಎಂಬ ಮೆಸೇಜ್ ನಿಮಗೂ ಬಂದಿರಬಹುದು. ನಿಜವೇನು?

1897ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಜಾನ್ ಎಂಡರ್ಸ್ ಮೊದಲು ಓದಿದ್ದು ಇಂಗ್ಲಿಷ್ ಸಾಹಿತ್ಯ. ಆಮೇಲೆ ಸೂಕ್ಷ್ಮಜೀವಿಗಳ ಅಧ್ಯಯನಕ್ಕೆ ಹೊರಳಿದರು. ಪೋಲಿಯೊ ವೈರಸ್ ನರಕೋಶಗಳಲ್ಲಿ ಮಾತ್ರ ಬೆಳೆಯುತ್ತದೆ ಎಂದು ಆಗ ನಂಬಲಾಗಿತ್ತು. 1949ರಲ್ಲಿ ಬೋಸ್ಟನ್‌ನಲ್ಲಿ ಅವರು, ವೆಲ್ಲರ್ ಮತ್ತು ರಾಬಿನ್ಸ್ ಜೊತೆಗೂಡಿ, ಮಾನವ ಭ್ರೂಣದ ಚರ್ಮ, ಸ್ನಾಯು, ಕರುಳಿನ ಅಂಗಾಂಶಗಳಲ್ಲೂ ಅದನ್ನು ಬೆಳೆಸಿ ತೋರಿಸಿದರು. 1954ರಲ್ಲಿ ಮೂವರಿಗೂ ನೊಬೆಲ್ ಬಂತು. ಆದರೆ 1955ರ ಸಾಲ್ಕ್ ಲಸಿಕೆಗೆ ವೈರಸ್ ಬೆಳೆಸಿದ್ದು ಮಂಗದ ಮೂತ್ರಪಿಂಡದ ಕೋಶಗಳಲ್ಲಿ.

ಎಂಡರ್ಸ್ 1985ರಲ್ಲಿ ತೀರಿಕೊಂಡರು. 2015ರಲ್ಲಿ ಗರ್ಭಪಾತ ಕ್ಲಿನಿಕ್‌ಗಳು ಸಂಶೋಧನೆಗೆ ಭ್ರೂಣದ ಅಂಗಾಂಶ ಕೊಡುವುದು ಅಮೆರಿಕದಲ್ಲಿ ರಾಜಕೀಯ ವಿವಾದವಾದಾಗ, ಈ ಪ್ರಯೋಗ ಮತ್ತೆ ಚರ್ಚೆಗೆ ಬಂತು.

ಸಂಶೋಧನೆಯಲ್ಲಿ ಭ್ರೂಣದ ಅಂಗಾಂಶ ಬಳಸಿದ್ದು ನಿಜ. ಲಸಿಕೆಯಲ್ಲೇ ಅದನ್ನು ಬೆರೆಸಿದ್ದಾರೆ ಎಂಬುದು ಸುಳ್ಳು. ಈ ಅರ್ಧಸತ್ಯ ನಂಬಿದರೆ ಮಗುವಿಗೆ ಲಸಿಕೆ ತಪ್ಪಬಹುದು. ಫಾರ್ವರ್ಡ್ ಮಾಡುವ ಮುನ್ನ ಯೋಚಿಸಿ.